ಬೆರಳಿಗೊಂದು ರೂಪ, ಕಣ್ಣಿಗೊಂದು ರೂಪ

ಐಬಿಎಂ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360 ಯಂತ್ರಗಳಿಗೆ ಕೆಲಸ ಒಪ್ಪಿಸಲು ಬಂದ ಕಮ್ಯಾಂಡ್ ಭಾಷೆಯಾದ ಜೆಸಿಎಲ್‌ನಲ್ಲಿ ಸಾಲಿನ ಅಂದಚಂದವನ್ನು ಬಹುಮಟ್ಟಿಗೆ ಪಂಚ್ ಕಾರ್ಡೇ ತೀರ್ಮಾನಿಸುತ್ತಿತ್ತು. 80 ಕಾಲಂಗಳಲ್ಲಿ ಮೊದಲೆರಡು ಓರೆಗೆರೆಗಳಿಗೆ ಮೀಸಲು. 71ರೊಳಗೆ ಮಾತು ಮುಗಿಯಬೇಕು. ಮುಂದಿನ ಕಾರ್ಡಿಗೆ ಹರಿದ ಸಾಲು 16ನೇ ಕಾಲಂ ದಾಟದೆ ಶುರುವಾಗಬೇಕು. ಕೊನೆಯ ಎಂಟು ಕಾಲಂಗಳು ಕ್ರಮಸಂಖ್ಯೆಗೆ, ಅಂದರೆ ಕಾರ್ಡಿನ ಕಟ್ಟು ಕೈಜಾರಿ ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಿಕೊಳ್ಳುವುದಕ್ಕೆ. ಕಾರ್ಡು ಹೋಗಿ ಟರ್ಮಿನಲ್ ಬಂದರೂ 80ರ ಲೆಕ್ಕ ಉಳಿಯಿತು. ಇಂದು ನಾವು ಅಭಿರುಚಿ ಎಂದು ವಾದಿಸುವ ಎಷ್ಟೋ ನಿಯಮಗಳು ಹೀಗೆ ಹಳೆಯ ಸಾಧನಗಳು ಬಿಟ್ಟುಹೋದ ಗುರುತುಗಳು. ಆದರೆ ಕಮ್ಯಾಂಡ್ ಭಾಷೆಗೆ ಇದಕ್ಕಿಂತ ಆಳವಾದ ತೊಡಕೊಂದಿದೆ. ಅದನ್ನು ಕೀಲಿಮಣೆಯಲ್ಲಿ ಕುಟ್ಟಿ ತಕ್ಷಣ ಫಲ ಪಡೆಯುವವರೂ, ಕಡತದಲ್ಲಿ ಬರೆದಿಟ್ಟು ವರ್ಷಗಟ್ಟಲೆ ಓಡಿಸುವವರೂ ಬಳಸುತ್ತಾರೆ. ಮೊದಲಿನವರಿಗೆ ಹಿತವಾದ ರೂಪ ಎರಡನೆಯವರಿಗೆ ಕಂಟಕ. ಈ ಭಾಷೆಗಳ ಬೆಳವಣಿಗೆಯನ್ನು ನನಗೆ ಅರ್ಥಮಾಡಿಸುವುದು ಈ ಎರಡು ರೂಪಗಳ ನಡುವಿನ ಜಗ್ಗಾಟವೇ.

ಜಗ್ಗಾಟ ಎದ್ದು ಕಾಣುವುದು ಸಿಎಲ್ ಎಂಬ ಕಂಟ್ರೋಲ್ ಲ್ಯಾಂಗ್ವೇಜ್‌ನಲ್ಲಿ. 1978ರಲ್ಲಿ ಪ್ರಕಟವಾದ ಐಬಿಎಂನ ಸಿಸ್ಟಂ/38 ಯಂತ್ರದಿಂದ 1988ರ ಎಎಸ್/400ಕ್ಕೆ ಬಂದು, ಇವತ್ತಿನ ಐಬಿಎಂ ಐ ವರೆಗೂ ಅದು ಬಾಳಿದೆ. ಮೂರಕ್ಷರದ ಕ್ರಿಯಾಪದ, ಅದಕ್ಕೆ ಅಂಟಿಕೊಂಡ ವಸ್ತುವಿನ ಹೆಸರು: ಬದಲಿಸುವುದಕ್ಕೆ ಸಿಎಚ್‌ಜಿ, ತೋರಿಸುವುದಕ್ಕೆ ಡಿಎಸ್‌ಪಿ. ಈ ಕಟ್ಟು ಇಷ್ಟು ಕ್ರಮಬದ್ಧವಾಗಿರುವುದರಿಂದ ಹೊಸ ಆದೇಶದ ಹೆಸರನ್ನೂ ಊಹಿಸಿಬಿಡಬಹುದು. ಆದೇಶದ ಪ್ಯಾರಾಮೀಟರುಗಳು ಮರೆತಾಗಲೂ ನೆರವಿದೆ. ಎಫ್4 ಒತ್ತಿದರೆ ಪ್ರಾಂಪ್ಟರ್ ಎಂಬ ನಮೂನೆ ತೆರೆದುಕೊಳ್ಳುತ್ತದೆ, ಖಾಲಿ ಜಾಗಗಳನ್ನು ತುಂಬಿದರೆ ಸಾಕು. ಆದರೆ ಎಸ್‌ಇಯು ಎಡಿಟರಿನಲ್ಲಿ ಇದೇ ಪ್ರಾಂಪ್ಟರ್ ಸಾಲಿನ ರೂಪವನ್ನೂ ತನ್ನ ಕೈಗೆ ತೆಗೆದುಕೊಂಡಿತು. ಆದೇಶವನ್ನು 14ನೇ ಕಾಲಂಗೆ, ಪ್ಯಾರಾಮೀಟರುಗಳನ್ನು 25ಕ್ಕೆ ತಂದು ಕೂರಿಸುತ್ತಿತ್ತು. ಷರತ್ತಿನೊಳಗೊಂದು ಷರತ್ತು ಇದೆಯೆಂದು ತೋರಿಸಲು ಬರೆದವರು ಒಳಸರಿಸಿದ್ದ ಸಾಲು, ಎಫ್4 ಒತ್ತಿದ ಮರುಕ್ಷಣ ಎಡಕ್ಕೆ ಬಂದು ಬೀಳುತ್ತಿತ್ತು. ಎಲ್ಲವೂ ದೊಡ್ಡಕ್ಷರ, ಎಲ್ಲವೂ ಒಂದೇ ಅಂಚು. ತರ್ಕದ ಏರಿಳಿತ ಕಣ್ಣಿಗೆ ಕಾಣದಂತಾಯಿತು. ಭಾಷೆಯಲ್ಲೂ ಕೊರತೆಯಿತ್ತು. 2004ರ ವಿ5ಆರ್3 ಆವೃತ್ತಿಯಲ್ಲಿ ಡೂವೈಲ್, ಡೂಫಾರ್, ಸೆಲೆಕ್ಟ್ ಬರುವವರೆಗೆ ಸುತ್ತು ಹಾಕಿಸಬೇಕಾದರೆ ಲೇಬಲ್ ಮತ್ತು ಗೋಟು ಬಿಟ್ಟು ಬೇರೆ ದಾರಿ ಇರಲಿಲ್ಲ. ಸಬ್‌ರೂಟೀನ್ ಬಂದದ್ದು 2006ರ ವಿ5ಆರ್4ರಲ್ಲಿ. ಆಮೇಲೆ ಒಳಸರಿತಕ್ಕೆ ಇನ್ನಷ್ಟು ಹುರುಳು ಬಂತು: ಆರಂಭ ಅಂತ್ಯಗಳಿರುವ ಕಟ್ಟುಗಳು ಹೆಚ್ಚಿದಷ್ಟೂ ಅಂಚು ಸರಿಸಿ ತೋರಿಸುವ ಅಗತ್ಯವೂ ಹೆಚ್ಚುತ್ತದೆ.

ಅನುಭವಸ್ಥರು ಇಲ್ಲಿ ಎರಡು ಆಕ್ಷೇಪಣೆ ಎತ್ತುತ್ತಾರೆ. ದೊಡ್ಡಕ್ಷರ ಮತ್ತು ನಿಗದಿತ ಕಾಲಂಗೆ ಕಣ್ಣು ಒಗ್ಗಿದೆ, ಎಲ್ಲ ಕಡತಗಳೂ ಒಂದೇ ತೆರ ಕಾಣುವುದೇ ಲಾಭ ಎಂಬುದು ಮೊದಲನೆಯದು. ಏಕರೂಪತೆ ಬೆಲೆಯುಳ್ಳದ್ದೆಂದು ನಾನೂ ಒಪ್ಪುತ್ತೇನೆ. ಆದರೆ ಪ್ರಾಂಪ್ಟರಿನ ಏಕರೂಪತೆ ಅರ್ಥವನ್ನು ಅಳಿಸಿ ಬಂದದ್ದು, ಅರ್ಥವನ್ನು ತೋರಿಸುವ ಏಕರೂಪತೆಯೂ ಸಾಧ್ಯ. ಎರಡನೆಯದು, ಪ್ಯಾರಾಮೀಟರಿನ ಹೆಸರು ಬಿಟ್ಟು ಬೆಲೆಗಳನ್ನಷ್ಟೇ ಸಾಲಾಗಿ ಬರೆದರೆ ಚುಟುಕಾಗುತ್ತದೆ ಎಂಬುದು. ಎರಡೇ ಬೆಲೆಗಳಿರುವ, ದಿನವೂ ಕಾಣುವ ಆದೇಶಕ್ಕೆ ಇದು ಸರಿ. ಆರೇಳು ಇದ್ದಾಗ ನಾಲ್ಕನೆಯದು ಏನೆಂದು ತಿಳಿಯಲು ಓದುಗರು ಕೈಪಿಡಿ ತೆರೆಯಬೇಕಾಗುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಬೇರೆ ದೇಶದವರು ದಶಕಗಳ ಹಿಂದೆ ಬರೆದ ಸಿಎಲ್ ದುರಸ್ತಿ ಮಾಡುವವರಿಗೆ, ಕೇಳಲು ಬರೆದವರೂ ಸಿಗುವುದಿಲ್ಲ. ಕಡತದಲ್ಲಿ ಹೆಸರು ಪೂರ್ತಿಯಾಗಿ ಇರಲಿ ಎಂಬ ನಿಲುವಿಗೆ ಬೇರೆ ಭಾಷೆಗಳೂ ಬಂದಿವೆ. ವಿಎಂಎಸ್ ಕಾರ್ಯಾಚರಣ ವ್ಯವಸ್ಥೆಯ ಡಿಸಿಎಲ್ ಭಾಷೆಯಲ್ಲಿ ಆದೇಶಗಳನ್ನು ಮೊಟಕುಮಾಡಿ ಟೈಪ್ ಮಾಡಬಹುದು, ಆದರೆ ಕಡತದಲ್ಲಿ ಪೂರ್ತಿ ಹೆಸರು ಬರೆಯುವುದೇ ಒಳ್ಳೆಯ ರೂಢಿ. 2006ರ ಪವರ್‌ಶೆಲ್‌ನಲ್ಲಿ ಅಡ್ಡಹೆಸರುಗಳಿವೆ. ಸ್ಕ್ರಿಪ್ಟಿನಲ್ಲಿ ಅವನ್ನು ಬಳಸಿದರೆ ಅದರ ಪರಿಶೋಧಕ ಸಾಧನ ಎಚ್ಚರಿಸುತ್ತದೆ.

ಇನ್ನು ಫಾರ್ಮ್ಯಾಟರ್‌ಗಳು ಬಂದಮೇಲೆ ಈ ಚರ್ಚೆ ಏಕೆ ಎನ್ನುವವರಿಗೆ ಸಿಎಲ್‌ನ ಒಂದು ಚಿಕ್ಕ ವಿವರ ಉತ್ತರ ಕೊಡುತ್ತದೆ. ಸಾಲು ಮುಂದುವರಿಯುತ್ತದೆಂದು ಹೇಳಲು ಅಲ್ಲಿ ಕೂಡುವ ಚಿಹ್ನೆಯೂ ಇದೆ, ಕಳೆಯುವ ಚಿಹ್ನೆಯೂ ಇದೆ. ಮೊದಲನೆಯದು ಮುಂದಿನ ಸಾಲಿನ ಆರಂಭದ ಖಾಲಿ ಜಾಗಗಳನ್ನು ಬಿಟ್ಟುಬಿಡುತ್ತದೆ, ಎರಡನೆಯದು ಉಳಿಸಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಕಳೆಯುವ ಚಿಹ್ನೆಯಿಂದ ಮುರಿದು, ಆಮೇಲೆ ಅಂದಕ್ಕಾಗಿ ಮುಂದಿನ ಸಾಲನ್ನು ನಾಲ್ಕು ಜಾಗ ಒಳಸರಿಸಿದರೆ, ಆ ನಾಲ್ಕು ಜಾಗಗಳೂ ಪಠ್ಯದೊಳಗೆ ಸೇರಿಕೊಳ್ಳುತ್ತವೆ. ಯುನಿಕ್ಸ್ ಶೆಲ್‌ನಲ್ಲೂ ಸಾಲಿನ ಕೊನೆಯ ಹಿಂದೋರೆಗೆರೆಯ ಪಕ್ಕ ಕಣ್ಣಿಗೆ ಬೀಳದ ಒಂದು ಖಾಲಿ ಜಾಗ ಉಳಿದರೆ ಆದೇಶ ಅಲ್ಲಿಯೇ ತುಂಡಾಗುತ್ತದೆ. ಅಂಚು ಜೋಡಿಸುವ ಕೆಲಸವನ್ನು ಸಾಧನಕ್ಕೆ ಒಪ್ಪಿಸಬಹುದು. ಪಠ್ಯವನ್ನು ಎಲ್ಲಿ ಮುರಿಯಬೇಕು, ಯಾವ ಚಿಹ್ನೆಯಿಂದ ಮುರಿಯಬೇಕು, ಯಾವ ಪ್ಯಾರಾಮೀಟರಿಗೆ ಹೆಸರು ಬೇಕು ಎಂಬುದನ್ನು ಬರೆಯುವವರೇ ಆಯಬೇಕು.