ಮಿಸ್ಡ್ ಕಾಲ್ ಮತ್ತು ಬಿಲ್: ನಮ್ಮ ರೀಚಾರ್ಜ್ ದರದ ಹಿಂದಿನ ಜಗಳಗಳು

1/6
"ಜಿಯೋ ಬಂತು, ನೆಟ್ ಅಗ್ಗ ಆಯ್ತು." ನಮ್ಮ ವಯಸ್ಸಿನವರನ್ನ ಕೇಳಿದ್ರೆ ಟೆಲಿಕಾಂ ಇತಿಹಾಸ ಅಂದ್ರೆ ಇಷ್ಟೇ. ಸುಳ್ಳಲ್ಲ, ಆದರೆ ಇದು ಸಿನಿಮಾನ ಇಂಟರ್ವಲ್ ಆದ್ಮೇಲೆ ನೋಡಿದ ಹಾಗೆ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಒಂದೇ ಪ್ರಶ್ನೆ ಮೇಲೆ ಜಗಳ ನಡೆದಿದೆ: ಬಿಲ್ ಯಾರು ಕಟ್ಟಬೇಕು? ಕರೆ ಮಾಡಿದವನಾ, ಎತ್ತಿಕೊಂಡವನಾ? ಈ ಕಂಪನಿನಾ, ಆ ಕಂಪನಿನಾ? ಉತ್ತರ ಬದಲಾದಾಗೆಲ್ಲ ನಮ್ಮ ಜೇಬಿನ ಲೆಕ್ಕವೂ ಬದಲಾಗಿದೆ. ಬಿಕಾಂನವರಿಗೆ ಇದಕ್ಕಿಂತ ಒಳ್ಳೆ ಕೇಸ್ ಸ್ಟಡಿ ಸಿಗಲ್ಲ, ಸ್ವಲ್ಪ ಉದ್ದ ಇದೆ, ಓದಿ.

2/6
1995ರ ಜುಲೈ 31. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಅದಾಗಿ ಹದಿನೈದು ದಿನಕ್ಕೆ, ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಎರಡೂ ದೊಡ್ಡವರ ಆಟಿಕೆಗಳೇ. ಮೊಬೈಲ್‌ನಲ್ಲಿ ಪೀಕ್ ಅವರ್‌ಗೆ ನಿಮಿಷಕ್ಕೆ ₹16 ದಾಟುತ್ತಿತ್ತು. ಅದಕ್ಕಿಂತ ಮಜಾ ಅಂದ್ರೆ ಒಳಬರುವ ಕರೆಗೂ ದುಡ್ಡು! ಯಾರೋ ನಿಮಗೆ ಫೋನ್ ಮಾಡಿ ಸುಮ್ಮನೆ ಹರಟೆ ಹೊಡೆದ್ರೆ ನಿಮ್ಮ ದುಡ್ಡೂ ಹೋಗ್ತಿತ್ತು.

ಇಷ್ಟು ದುಬಾರಿ ಯಾಕೆ? ಒಂದು ದೊಡ್ಡ ಕಾರಣ ಲೈಸೆನ್ಸ್ ಫೀ. ಕಂಪನಿಗಳು ಹರಾಜಿನಲ್ಲಿ ಹುಚ್ಚುಚ್ಚಾಗಿ ಕೂಗಿ ಲೈಸೆನ್ಸ್ ತಗೊಂಡಿದ್ದವು, ಆಮೇಲೆ ಆ ಕಂತು ಕಟ್ಟೋಕಾಗದೆ ಒದ್ದಾಡಿದವು. 1999ರಲ್ಲಿ ಸರ್ಕಾರ ಹೊಸ ಟೆಲಿಕಾಂ ನೀತಿ ತಂದಿತು: ಫಿಕ್ಸೆಡ್ ಫೀ ಬೇಡ, ಬಂದ ಆದಾಯದಲ್ಲಿ ಒಂದು ಪಾಲು ಕೊಡಿ. ಕಾಸ್ಟಿಂಗ್ ಪೇಪರ್‌ನ ಭಾಷೆಯಲ್ಲಿ ಹೇಳೋದಾದ್ರೆ, ದೊಡ್ಡದೊಂದು ಫಿಕ್ಸೆಡ್ ಕಾಸ್ಟು ರಾತ್ರೋರಾತ್ರಿ ವೇರಿಯಬಲ್ ಕಾಸ್ಟ್ ಆಯ್ತು. ದರ ಇಳಿಸಿ ಗಿರಾಕಿ ಹೆಚ್ಚಿಸೋದು ಆಗಲೇ ಲಾಭದ ದಾರಿ ಆಗಿದ್ದು. "ಆದಾಯ" ಅಂದ್ರೆ ಏನು ಅನ್ನೋ ಜಗಳ ಮಾತ್ರ ಹಾಗೇ ಉಳೀತು. ಇದನ್ನ ನೆನಪಿಟ್ಕೊಳ್ಳಿ, ಐದನೇ ಕ್ಯಾಪ್ಶನ್‌ನಲ್ಲಿ ಬೇಕಾಗುತ್ತೆ.

3/6
ಟ್ರಾಯ್, ಅಂದ್ರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಹುಟ್ಟಿದ್ದು 1997ರಲ್ಲಿ. ಅದು 1999ರಲ್ಲಿ ಒಂದು ಆದೇಶ ಹೊರಡಿಸಿತು: ಇನ್ಮುಂದೆ ಕರೆ ಮಾಡಿದವನೇ ದುಡ್ಡು ಕೊಡಲಿ, ಒಳಬರುವ ಕರೆ ಉಚಿತ. ಲ್ಯಾಂಡ್‌ಲೈನ್ ನಡೆಸ್ತಿದ್ದ ಸರ್ಕಾರಿ ಕಂಪನಿ ಎಂಟಿಎನ್‌ಎಲ್ ಇದನ್ನ ವಿರೋಧಿಸಿ ಕೋರ್ಟಿಗೆ ಹೋಯಿತು. ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಕರೆ ಮಾಡೋರ ತಲೆ ಮೇಲೆ ಯಾಕೆ ಭಾರ ಅನ್ನೋದು ಪ್ರಶ್ನೆ. 2000ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಆದೇಶ ರದ್ದು ಮಾಡಿತು. ಅದೇ ತಿಂಗಳು ಸುಗ್ರೀವಾಜ್ಞೆ ಬಂತು, ಹಳೇ ಟ್ರಾಯ್ ಸದಸ್ಯರು ಮನೆಗೆ ಹೋದರು, ಹೊಸ ಟ್ರಾಯ್ ಜೊತೆಗೆ ವ್ಯಾಜ್ಯ ಬಗೆಹರಿಸೋಕೆ ಟಿಡಿಸ್ಯಾಟ್ ಅನ್ನೋ ನ್ಯಾಯಮಂಡಳಿಯೂ ಬಂತು. ಅಂಪೈರನ್ನೇ ಪಂದ್ಯದ ಮಧ್ಯೆ ಬದಲಾಯಿಸಿದ ಹಾಗೆ.

ಕೊನೆಗೂ ಒಳಬರುವ ಕರೆ ಉಚಿತ ಆಗಿದ್ದು 2003ರಲ್ಲಿ. ಆಟೋದವರು, ಗಾರೆ ಕೆಲಸದವರು, ಹೂ ಮಾರೋರು ಫೋನ್ ಇಟ್ಕೊಳ್ಳೋಕೆ ಧೈರ್ಯ ಮಾಡಿದ್ದು ಇದಾದ ಮೇಲೆ ಅಂತ ನನಗನ್ಸುತ್ತೆ. ಸ್ವಲ್ಪ ಕರೆನ್ಸಿ ಇದ್ರೆ ಸಾಕು, ಕೆಲಸ ಕೊಡೋರು ಅವರೇ ಫೋನ್ ಮಾಡ್ತಾರೆ. ನಮ್ಮ ದೇಶದ ಮಿಸ್ಡ್ ಕಾಲ್ ಕಲೆ ಬೆಳೆದಿದ್ದೂ ಇಲ್ಲೇ. ಒಂದು ರಿಂಗ್ ಅಂದ್ರೆ "ಹೊರಟೆ", ಎರಡು ರಿಂಗ್ ಅಂದ್ರೆ "ಬಸ್ ಸ್ಟ್ಯಾಂಡಲ್ಲಿದ್ದೀನಿ". ಅದಕ್ಕೆ ಪೈಸೆ ಖರ್ಚಿಲ್ಲ.

4/6
ಕಂಪನಿಗಳ ನಡುವೆಯೂ ಇದೇ ಲೆಕ್ಕ. ನಿಮ್ಮ ಕಂಪನಿಯ ಗಿರಾಕಿ ನನ್ನ ಕಂಪನಿಯ ಗಿರಾಕಿಗೆ ಕರೆ ಮಾಡಿದ್ರೆ, ನೀವು ನನಗೆ ನಿಮಿಷಕ್ಕೆ ಇಷ್ಟು ಪೈಸೆ ಕೊಡಬೇಕು. ಇದರ ಹೆಸರು ಐಯುಸಿ, ದರ ನಿಗದಿ ಮಾಡೋದು ಟ್ರಾಯ್. 2004ರಲ್ಲಿ 30 ಪೈಸೆ, 2009ರಲ್ಲಿ 20, 2015ರಲ್ಲಿ 14, 2017ರ ಅಕ್ಟೋಬರ್‌ನಲ್ಲಿ 6. ಕೊನೆಯ ಇಳಿಕೆಗೆ ಹಳೇ ಕಂಪನಿಗಳು ಸಿಡಿದೆದ್ದವು, ಯಾಕಂದ್ರೆ ಕರೆ ಉಚಿತ ಮಾಡಿದ್ದ ಜಿಯೋ ಕಡೆಯಿಂದ ಅವರ ನೆಟ್‌ವರ್ಕ್‌ಗೆ ಕರೆಗಳ ಪ್ರವಾಹ ಬರ್ತಿತ್ತು. ಜಿಯೋಗೆ ಅನುಕೂಲ ಮಾಡಿಕೊಟ್ರು ಅಂತ ಅವರ ವಾದ. ಹಾಗಂತ ಹಳಬರೇನೂ ಸಾಚಾ ಅಲ್ಲ. 2016ರಲ್ಲಿ ಜಿಯೋಗೆ ಸಾಕಷ್ಟು ಇಂಟರ್‌ಕನೆಕ್ಷನ್ ಕೊಡದೆ ಕರೆಗಳು ಫೇಲ್ ಆಗೋ ಹಾಗೆ ಮಾಡಿದ್ರು ಅಂತ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರಕ್ಕೂ ಸೇರಿ ₹3,050 ಕೋಟಿ ದಂಡಕ್ಕೆ ಟ್ರಾಯ್ ಶಿಫಾರಸು ಮಾಡಿತ್ತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. 2019ರಲ್ಲಿ ಜಿಯೋ ತನ್ನ ನೆಟ್‌ವರ್ಕ್‌ನಿಂದ ಹೊರಹೋಗುವ ಕರೆಯ ರಿಂಗನ್ನ 20 ಸೆಕೆಂಡಿಗೆ ಇಳಿಸಿತು. ಫೋನ್ ಬ್ಯಾಗಿಂದ ಹೊರಗೆ ತೆಗೆಯೋಷ್ಟರಲ್ಲಿ ಕಟ್! ನೀವು ವಾಪಸ್ ಮಾಡ್ತೀರಿ. ಆಗ ಕರೆ ಮಾಡಿದವರು ನೀವು, ಆ 6 ಪೈಸೆ ಕೊಡೋದು ನಿಮ್ಮ ಕಂಪನಿ. ಏರ್‌ಟೆಲ್ ದೂರು ಕೊಟ್ಟಿತು, ಆಮೇಲೆ ತಾನೂ ರಿಂಗನ್ನ 25 ಸೆಕೆಂಡಿಗೆ ಇಳಿಸಿತು. ಸಾವಿರಾರು ಕೋಟಿ ವ್ಯವಹಾರದ ಕಂಪನಿಗಳು ಒಬ್ಬರಿಗೊಬ್ಬರು ಮಿಸ್ಡ್ ಕಾಲ್ ಕೊಡ್ಕೊಂಡು ಕೂತಿದ್ವು! ನವೆಂಬರ್ 1ರಂದು ಟ್ರಾಯ್ ಮಧ್ಯೆ ಬಂದು ಮೊಬೈಲ್‌ಗೆ 30 ಸೆಕೆಂಡ್, ಲ್ಯಾಂಡ್‌ಲೈನ್‌ಗೆ 60 ಸೆಕೆಂಡ್ ರಿಂಗ್ ಆಗಲೇಬೇಕು ಅಂತ ಆದೇಶ ಮಾಡಿತು. 2021ರ ಜನವರಿಯಿಂದ ಐಯುಸಿ ಸೊನ್ನೆ.

5/6
ಇಂಟರ್ನೆಟ್‌ನಲ್ಲೂ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು. 2015ರಲ್ಲಿ ಏರ್‌ಟೆಲ್ ಝೀರೋ ಅಂತ ಒಂದು ಯೋಜನೆ: ಗಿರಾಕಿಗೆ ಡೇಟಾ ಉಚಿತ, ದುಡ್ಡು ಆ್ಯಪ್ ಕಂಪನಿ ಕೊಡಲಿ. ಜನರ ಸಿಟ್ಟು ನೋಡಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಅದರಿಂದ ಹಿಂದೆ ಸರಿಯಿತು. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಇನ್ನೂ ದೊಡ್ಡ ಪೈಪೋಟಿ ಕೊಟ್ಟಿತು. ಪೇಪರ್‌ಗಳಲ್ಲಿ ಪುಟಗಟ್ಟಲೆ ಜಾಹೀರಾತು, ಬಡವರಿಗೆ ಕೆಲವು ವೆಬ್‌ಸೈಟ್ ಉಚಿತ ಅನ್ನೋ ಮಾತು. ಏನೂ ಇಲ್ಲದವರಿಗೆ ಅಷ್ಟಾದ್ರೂ ಸಿಗಲಿ ಅನ್ನೋ ವಾದವನ್ನ ನಾನು ಸುಮ್ನೆ ತಳ್ಳಿಹಾಕಲ್ಲ. ಆದರೆ ಯಾವ ಕಿಟಕಿ ತೆರೀಬೇಕು ಅಂತ ನಿರ್ಧರಿಸೋದು ಮನೆಯವರಲ್ಲ, ಕಿಟಕಿ ಮಾರೋನು. ಅಷ್ಟರಲ್ಲಾಗಲೇ ನೆಟ್ ನ್ಯೂಟ್ರಾಲಿಟಿ ಪರವಾಗಿ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋಗಿದ್ದವು. 2016ರ ಫೆಬ್ರವರಿ 8ರಂದು ಟ್ರಾಯ್ ವೆಬ್‌ಸೈಟ್ ನೋಡಿ ದರ ಹಾಕೋದನ್ನ ನಿಷೇಧಿಸಿತು.

ಸುಮಾರು ಏಳು ತಿಂಗಳಿಗೆ, ಸೆಪ್ಟೆಂಬರ್ 5ಕ್ಕೆ ಜಿಯೋ. ಆಗ ನಾವಿನ್ನೂ ಸ್ಕೂಲಲ್ಲಿದ್ವಿ. ಸುಮಾರು ₹250 ಇದ್ದ 1 ಜಿಬಿ ಡೇಟಾ ಪುಕ್ಕಟೆ, ಅದೂ 2017ರ ಮಾರ್ಚ್‌ವರೆಗೆ. ಇಷ್ಟು ದಿನ ಉಚಿತ ಕೊಡೋದು ಸರಿನಾ ಅಂತ ಉಳಿದವರು ಕೇಳಿದ್ರು, ಟ್ರಾಯ್ ತಪ್ಪಿಲ್ಲ ಅಂದಿತು. ಮುಂದಿನ ಎರಡು ವರ್ಷದಲ್ಲಿ ಏರ್‌ಸೆಲ್ ಮುಳುಗಿತು, ಅನಿಲ್ ಅಂಬಾನಿಯ ಕಂಪನಿ ಸೇವೆ ನಿಲ್ಲಿಸಿತು, ಟಾಟಾ ಮತ್ತು ಟೆಲಿನಾರ್ ಗಿರಾಕಿಗಳು ಏರ್‌ಟೆಲ್‌ಗೆ ಹೋದ್ರು, ವೊಡಾಫೋನ್ ಮತ್ತು ಐಡಿಯಾ ಒಂದಾದವು. ಇನ್ನು ಆ ಹಳೇ "ಆದಾಯ ಅಂದ್ರೆ ಏನು" ಜಗಳ: 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಸರ್ಕಾರದ ಪರ ತೀರ್ಪು ಕೊಟ್ಟಿತು. ಬಡ್ಡಿ, ಬಾಡಿಗೆ ಎಲ್ಲ ಆದಾಯವೇ, ಅದರಲ್ಲೂ ಪಾಲು ಕೊಡಿ. ವೊಡಾಫೋನ್ ಐಡಿಯಾ ಬೆನ್ನು ಮುರೀತು. ಬಾಕಿಯನ್ನ ಷೇರಾಗಿ ಪರಿವರ್ತಿಸ್ತಾ ಹೋಗಿ 2025ಕ್ಕೆ ಅದರಲ್ಲಿ ಸರ್ಕಾರದ ಪಾಲೇ ಸುಮಾರು 49%.

6/6
ಮೊಬೈಲ್ ದರ ನಿಗದಿ ಮಾಡೋ ಅಧಿಕಾರ ಟ್ರಾಯ್‌ಗೆ ಇದೆ, ಆದರೆ ಪೈಪೋಟಿ ಇದೆಯಲ್ಲ ಅಂತ 2002ರ ಹೊತ್ತಿಗೇ ಅದನ್ನ ಬಳಸೋದು ಬಿಟ್ಟಿದೆ. ಹತ್ತು ಕಂಪನಿ ಇದ್ದಾಗ ಇದು ನಮಗೆ ಲಾಭ. ಈಗ? 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದವು. ಜಿಯೋದಲ್ಲಿ ದಿನಕ್ಕೆ 1.5 ಜಿಬಿ, 28 ದಿನದ ಪ್ಯಾಕ್ ₹239ರಿಂದ ₹299 ಆಯ್ತು. ದರ ತೀರ್ಮಾನಿಸೋದು ಮಾರುಕಟ್ಟೆ ಅಂತ ಸರ್ಕಾರ ಹೇಳಿಕೆ ಕೊಟ್ಟು ಸುಮ್ಮನಾಯ್ತು.

ಒಂದು ವಿಷಯದಲ್ಲಿ ಮಾತ್ರ ಟ್ರಾಯ್ ಕೈ ಹಾಕ್ತು. ಕೀಪ್ಯಾಡ್ ಫೋನ್ ಇಟ್ಕೊಂಡಿರೋ ಅಜ್ಜಿ ಯಾಕೆ ಡೇಟಾಗೆ ದುಡ್ಡು ಕೊಡಬೇಕು? 2024ರ ಡಿಸೆಂಬರ್‌ನಲ್ಲಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರೋ ಪ್ಯಾಕ್ ಇಡಲೇಬೇಕು ಅಂತ ಆದೇಶ ಆಯ್ತು. ಬೆಲೆ ಎಷ್ಟಿರಬೇಕು ಅಂತ ಹೇಳಲಿಲ್ಲ. ಜಿಯೋ 84 ದಿನಕ್ಕೆ ₹458 ಇಟ್ಟಿತು, ಆಮೇಲೆ ₹448ಕ್ಕೆ ಇಳಿಸಿತು. 6 ಜಿಬಿ ಡೇಟಾ ಸೇರಿದ್ದ 84 ದಿನದ ಪ್ಯಾಕ್ ₹479 ಇತ್ತು. ಅಂದ್ರೆ ಅಜ್ಜಿಗೆ ಉಳಿದಿದ್ದು ಮೂರು ತಿಂಗಳಿಗೆ ₹31.

ನಿಮ್ಮ ಮನೆ ಕೀಪ್ಯಾಡ್ ಫೋನ್‌ಗೆ ಎಷ್ಟರ ಪ್ಯಾಕ್ ಹಾಕ್ತೀರಾ? ಅದರಲ್ಲಿ ಡೇಟಾ ಇದೆಯಾ ನೋಡಿ ಕಾಮೆಂಟಲ್ಲಿ ಹಾಕಿ.