ಆನೆಮಲೆಯಲ್ಲಿ ಒಂದು ದಿನದ ನಡಿಗೆ, ಊಟಿಯಲ್ಲಿ ಮುಂಜಾನೆಯ ಹಿಮ

ಚಳಿಗಾಲದ ರಜೆ ಹತ್ತಿರವಾದಂತೆ ಸಂಘದ ಸದಸ್ಯರಿಂದ ನಮಗೆ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೊಯಮತ್ತೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಂತೆ ಕಾಡಿನಲ್ಲಿ ನಡೆದು ಬರಲು ಎಲ್ಲಿಗೆ ಹೋಗಬಹುದು? ಮಕ್ಕಳಿಗೆ ಹಿಮ ತೋರಿಸಬೇಕು, ಅದು ಎಲ್ಲಿ, ಯಾವಾಗ ಬೀಳುತ್ತದೆ? ಎರಡಕ್ಕೂ ಉತ್ತರ ನಮ್ಮ ಸುತ್ತಲಿನ ಬೆಟ್ಟಗಳಲ್ಲೇ ಇದೆ. ಆದರೆ ಕಾರು ತೆಗೆದುಕೊಂಡು ಹೊರಟುಬಿಟ್ಟರೆ ಆಗುವ ಕೆಲಸವಲ್ಲ. ಹೊಸದಾಗಿ ಈ ಕಡೆಗೆ ಬಂದಿರುವ ಕನ್ನಡ ಕುಟುಂಬಗಳಿಗೆ ಅನುಕೂಲವಾಗಲೆಂದು ತಿಳಿದಿರಬೇಕಾದ್ದನ್ನು ಒಂದೆಡೆ ಬರೆದಿಟ್ಟಿದ್ದೇವೆ.

ಮೊದಲು ಆನೆಮಲೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ದಕ್ಷಿಣದ ಅಂಚಿನಲ್ಲಿ ಹಬ್ಬಿರುವ ಈ ಕಾಡು 1976ರಲ್ಲಿ ಅಭಯಾರಣ್ಯವಾಯಿತು. 1989ರಲ್ಲಿ ಅದರ ಒಳಗಿನ ಸುಮಾರು 117 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ಇಡೀ ಪ್ರದೇಶ ಹುಲಿ ಸಂರಕ್ಷಿತ ಅರಣ್ಯವಾಯಿತು. ರಾಷ್ಟ್ರೀಯ ಉದ್ಯಾನ ಒಂದೇ ತುಂಡಾಗಿಲ್ಲ. ಕರಿಯನ್ ಶೋಲೆಯ ನಿತ್ಯಹಸಿರು ಕಾಡು, ವಾಲ್ಪಾರೈ ಮೇಲಿನ ಹುಲ್ಲುಗಾವಲು, ಅಮರಾವತಿಯ ಹಿಂದಿರುವ ಮಂಜಂಪಟ್ಟಿ ಕಣಿವೆ ಎಂದು ಬೇರೆ ಬೇರೆ ಕಡೆ ಇದೆ. ಕುದುರೆಮುಖ, ಬಾಬಾಬುಡನ್‌ಗಿರಿ ನೋಡಿದವರಿಗೆ ಈ ಹುಲ್ಲುಗಾವಲು ತುಂಬ ಪರಿಚಿತವೆನಿಸುತ್ತದೆ: ಬೆಟ್ಟದ ನೆತ್ತಿಯಲ್ಲಿ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು. ತಮಿಳುನಾಡಿನ ರಾಜ್ಯಪ್ರಾಣಿ ವರೈಯಾಡು, ಅಂದರೆ ನೀಲಗಿರಿ ತಾರ್, ಇರುವುದು ಇಲ್ಲೇ. ಆದರೆ ಅಲ್ಲಿಗೆ ಸಾಮಾನ್ಯ ಪ್ರವಾಸಿಗರಿಗೆ ಪ್ರವೇಶವಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕರೆದುಕೊಂಡು ಹೋಗುತ್ತೇವೆ ಎನ್ನುವ ದಲ್ಲಾಳಿಗಳ ಮಾತು ನಂಬಬೇಡಿ.

ಹಾಗಾದರೆ ಎಲ್ಲಿ ನಡೆಯಬಹುದು? 2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದಾದ ಮೇಲೆ ತಮಿಳುನಾಡಿನಲ್ಲಿ ಚಾರಣಕ್ಕೆ ಪ್ರತ್ಯೇಕ ನಿಯಮಗಳು ಬಂದವು. ಅನುಮತಿಯಿಲ್ಲದೆ ಮೀಸಲು ಅರಣ್ಯದೊಳಗೆ ಕಾಲಿಡುವುದು ಅಪರಾಧ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ 'ಟ್ರೆಕ್ ತಮಿಳುನಾಡು' ಎಂಬ ಹೆಸರಿನಲ್ಲಿ 40 ದಾರಿಗಳನ್ನು ತೆರೆಯಿತು. ಆನ್‌ಲೈನಿನಲ್ಲಿ ಹಣ ಕಟ್ಟಿ ಹೆಸರು ನೋಂದಾಯಿಸಬೇಕು, ಜೊತೆಗೆ ತರಬೇತಿ ಪಡೆದ ಮಾರ್ಗದರ್ಶಿ ಬರುತ್ತಾರೆ. ಹೆಚ್ಚಿನ ಕಡೆ ಇವರು ಅದೇ ಕಾಡಿನ ಬುಡಕಟ್ಟಿನ ಯುವಕ ಯುವತಿಯರು. ಆನೆಮಲೆಯಲ್ಲಿ ಕಾಡರು, ಮಲಸರು, ಮುದುವರು, ಪುಲೆಯರು ತಲೆತಲಾಂತರದಿಂದ ಇದ್ದಾರೆ. ಶುಲ್ಕ ಜಾಸ್ತಿಯಾಯಿತು ಎಂದು ನಮ್ಮಲ್ಲಿ ಕೆಲವರು ಗೊಣಗುವುದುಂಟು. ಆನೆ ಎಲ್ಲಿ ನಿಂತಿದೆ ಎಂದು ಗಾಳಿಯ ವಾಸನೆಯಲ್ಲೇ ಹೇಳಬಲ್ಲವರು ಮುಂದೆ ನಡೆಯುತ್ತಿರುವಾಗ ಆ ದುಡ್ಡು ಹೆಚ್ಚೆಂದು ನಮಗೆ ಅನಿಸಿಲ್ಲ.

ಕುಟುಂಬ ಸಮೇತ ಹೋಗುವವರಿಗೆ ನಮ್ಮ ಮೊದಲ ಸಲಹೆ ಟಾಪ್‌ಸ್ಲಿಪ್. ಪೊಳ್ಳಾಚಿಯಿಂದ ಸುಮಾರು 35 ಕಿಲೋಮೀಟರ್, ಸೇತುಮಡೈ ಚೆಕ್‌ಪೋಸ್ಟ್ ದಾಟಿ ಮೇಲೆ ಹತ್ತಬೇಕು. ಬ್ರಿಟಿಷರ ಕಾಲದಲ್ಲಿ ಕಡಿದ ತೇಗದ ದಿಮ್ಮಿಗಳನ್ನು ಆನೆಗಳು ಇಲ್ಲಿಯವರೆಗೆ ಎಳೆದು ತರುತ್ತಿದ್ದವು, ಇಲ್ಲಿಂದ ಇಳಿಜಾರಿನಲ್ಲಿ ಕೆಳಕ್ಕೆ ಜಾರಿಬಿಡುತ್ತಿದ್ದರು. ಹೆಸರು ಬಂದದ್ದು ಹಾಗೆ. ಹಡಗು ಕಟ್ಟಲು, ರೈಲು ಹಳಿಯ ಕೆಳಗಿನ ಸ್ಲೀಪರುಗಳಿಗೆ ಎಂದು ಕಡಿದು ಕಡಿದು ಬೆಟ್ಟ ಬೋಳಾಗಿತ್ತು. 1915ರ ಸುಮಾರಿಗೆ ಬಂದ ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿ ಹಳೆಯ ಬುಡಗಳು ಚಿಗುರಲು ಬಿಟ್ಟು ಹೊಸ ಗಿಡ ನೆಡಿಸಿದರು. ಜೇಬಿನಲ್ಲಿ ತೇಗದ ಬೀಜ ತುಂಬಿಕೊಂಡು, ಕೈಗೋಲಿನಿಂದ ನೆಲ ಕುಳಿ ಮಾಡಿ ಬಿತ್ತುತ್ತಾ ನಡೆಯುತ್ತಿದ್ದರಂತೆ. 1933ರಲ್ಲಿ ತೀರಿಕೊಂಡ ಅವರ ಸಮಾಧಿ ಆ ತೇಗದ ಮರಗಳ ನಡುವೆಯೇ ಇದೆ. ನನ್ನ ಸ್ಮಾರಕ ಬೇಕೆಂದರೆ ಸುತ್ತ ನೋಡಿ ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ಟಾಪ್‌ಸ್ಲಿಪ್‌ನಿಂದ ಪಂಡಾರವರೈ ಕಡೆಗೆ ಹೋಗುವ ದಾರಿ ಆ 40ರ ಪಟ್ಟಿಯಲ್ಲಿದೆ. ಕೆಂಜಳಿಲು, ಕಾಟಿ, ಮಂಗಟ್ಟೆ ಹಕ್ಕಿ ಕಾಣುವ ಸಾಧ್ಯತೆ ಚೆನ್ನಾಗಿದೆ. ಮಳೆ ಮುಗಿದ ಹೊಸತರಲ್ಲಿ ಉಂಬಳಗಳೂ ಅಷ್ಟೇ ಚೆನ್ನಾಗಿರುತ್ತವೆ, ಉಪ್ಪು ಇಟ್ಟುಕೊಳ್ಳಿ.

ಟಾಪ್‌ಸ್ಲಿಪ್‌ನ ಹತ್ತಿರವೇ ಕೋಳಿಕಮುತ್ತಿ ಆನೆ ಶಿಬಿರವಿದೆ. ಅದಕ್ಕಿಂತ ಒಳಗೆ ವರಗಳಿಯಾರ್ ಎಂಬ ಇನ್ನೊಂದು ಶಿಬಿರ. ಈ ಹೆಸರು ಕೊಯಮತ್ತೂರಿನವರಿಗೆ 2019ರಲ್ಲಿ ಪರಿಚಯವಾಯಿತು. ನಗರದ ಪಕ್ಕದ ತಡಾಗಂನಲ್ಲಿ ಹೊಲಗಳಿಗೆ ನುಗ್ಗುತ್ತಿದ್ದ 'ಚಿನ್ನತಂಬಿ' ಎಂಬ ಸಲಗವನ್ನು ಆ ವರ್ಷದ ಜನವರಿಯಲ್ಲಿ ಹಿಡಿದು ಈ ಕಾಡಿಗೆ ತಂದುಬಿಟ್ಟರು. ಅದು ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಬೆಟ್ಟ ಇಳಿದು, ಊರು ಹೊಲ ದಾಟಿ, ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಕಡೆಯ ಕಬ್ಬಿನ ಗದ್ದೆಗಳಲ್ಲಿ ಪ್ರತ್ಯಕ್ಷವಾಯಿತು. ಜನ ಸಾಲುಗಟ್ಟಿ ನೋಡಲು ಹೋದರು. ಫೆಬ್ರವರಿ 15ರಂದು ಮತ್ತೆ ಹಿಡಿದು ವರಗಳಿಯಾರ್‌ನ ಕ್ರಾಲ್‌ಗೆ ಹಾಕಿ, ಪಳಗಿಸಿ, ಶಿಬಿರದ ಆನೆ ಮಾಡಿದರು. ಟಾಪ್‌ಸ್ಲಿಪ್‌ನಿಂದ ಉಡುಮಲೈಪೇಟೆಗೆ ನಮಗೆ ಎರಡು ಬಸ್ಸು ಬೇಕು. ಅದು ನಡೆದೇ ಹೋಯಿತು. ಕಾಡಿನ ಗಡಿಯೆಂದು ನಾವು ನಕ್ಷೆಯಲ್ಲಿ ನೋಡುವ ಗೆರೆ ಆನೆಗೆ ಕಾಣುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಕಥೆ ನಮಗೆ ಗೊತ್ತಿಲ್ಲ.

ಹಿರಿಯರು ಜೊತೆಗಿದ್ದರೆ ಆಳಿಯಾರ್ ಕಾಲುವೆ ದಂಡೆಯ ದಾರಿ ಸಾಕು. ಅಲ್ಲಿಂದ ಮುಂದಕ್ಕೆ 40 ತಿರುವುಗಳ ಘಾಟಿ ರಸ್ತೆ ವಾಲ್ಪಾರೈಗೆ ಏರುತ್ತದೆ. ವಾಲ್ಪಾರೈ ಸುಮಾರು 3,500 ಅಡಿ ಎತ್ತರದಲ್ಲಿದೆ, ಸುತ್ತ ಚಹಾ ತೋಟ, ತೋಟದ ಸುತ್ತ ಕಾಡು. ಪುದುತೋಟ್ಟಂ ಬಳಿ ರಸ್ತೆಯ ಮೇಲಿಂದ ಕಟ್ಟಿದ ಸೇತುವೆಗಳಲ್ಲಿ ಸಿಂಗಳೀಕಗಳು ದಾಟುವುದನ್ನು ಕಾಣಬಹುದು. ತಿಂಡಿ ಮಾತ್ರ ಕೊಡಬೇಡಿ. ಇಲ್ಲಿ ಆನೆಗಳು ತೋಟದ ನಡುವೆಯೇ ಓಡಾಡುತ್ತವೆ. ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಆನಂದ ಕುಮಾರ್ ಮತ್ತು ಸಂಗಡಿಗರು ಆನೆ ಎಲ್ಲಿದೆ ಎಂದು ಮೊಬೈಲ್ ಸಂದೇಶ, ಕೆಂಪು ದೀಪಗಳ ಮೂಲಕ ಕಾರ್ಮಿಕರಿಗೆ ತಿಳಿಸುವ ವ್ಯವಸ್ಥೆ ಮಾಡಿದ್ದಾರೆ. ಆ ಕೆಂಪು ದೀಪ ಮಿನುಗುತ್ತಿದ್ದರೆ ಪ್ರವಾಸಿಯೂ ನಿಲ್ಲಬೇಕು. 2025ರ ಫೆಬ್ರವರಿಯಲ್ಲಿ ಇದೇ ಘಾಟಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಜರ್ಮನಿಯ ಪ್ರವಾಸಿಯೊಬ್ಬರು ಆನೆಯ ದಾಳಿಯಲ್ಲಿ ಸತ್ತರು. ನೀರಿನ ವಿಷಯವೂ ಹಾಗೆಯೇ. 2023ರ ಅಕ್ಟೋಬರ್‌ನಲ್ಲಿ ವಾಲ್ಪಾರೈ ಬಳಿ ನದಿಗಿಳಿದ ಐವರು ಕಾಲೇಜು ವಿದ್ಯಾರ್ಥಿಗಳು ಮರಳಿ ಬರಲಿಲ್ಲ. ನಮ್ಮ ತಂಡಗಳಲ್ಲಿ ನದಿಗೆ ಇಳಿಯುವಂತಿಲ್ಲ ಎಂಬ ನಿಯಮಕ್ಕೆ ರಿಯಾಯಿತಿ ಇಲ್ಲ, ಈಜು ಬಂದರೂ ಇಲ್ಲ.

ತಿರುಪ್ಪೂರಿನ ಸದಸ್ಯರಿಗೆ ಅಮರಾವತಿ ಹತ್ತಿರ. ಅಣೆಕಟ್ಟಿನ ಬಳಿ ಮೊಸಳೆ ಸಾಕಣೆ ಕೇಂದ್ರವಿದೆ, ಮೂನ್ನಾರ್ ರಸ್ತೆಯ ಚಿನ್ನಾರ್ ಚೆಕ್‌ಪೋಸ್ಟಿನಿಂದ ಕೂಟಾರ್‌ಗೆ ನಡಿಗೆಯಿದೆ. ಇದು ಮಳೆ ನೆರಳಿನ ಒಣ ಕಾಡು, ನೆರಳು ಕಡಿಮೆ, ನೀರು ಹೆಚ್ಚು ಹೊರಬೇಕು. ವೆಳ್ಳಿಯಂಗಿರಿ ಏಳು ಬೆಟ್ಟಗಳ ಯಾತ್ರೆ ಇವೆಲ್ಲಕ್ಕಿಂತ ಕಠಿಣ. ಹೃದಯ, ಶ್ವಾಸದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಹೊರಡಬಾರದು.

ಇನ್ನು ಹಿಮದ ಮಾತು. ದಕ್ಷಿಣದಲ್ಲಿ ಎಲ್ಲೂ ಹಿಮಪಾತವಾಗುವುದಿಲ್ಲ. ಟಿವಿಯಲ್ಲಿ 'ಊಟಿಯಲ್ಲಿ ಹಿಮ' ಎಂದು ತೋರಿಸುವುದು ಮೇಲಿನಿಂದ ಬಿದ್ದದ್ದಲ್ಲ, ನೆಲದ ಮೇಲೆಯೇ ಹೆಪ್ಪುಗಟ್ಟಿದ ಇಬ್ಬನಿ. ತಮಿಳಿನಲ್ಲಿ ಅದಕ್ಕೆ 'ಉರೈಪನಿ' ಎನ್ನುತ್ತಾರೆ. ಆ 'ಪನಿ', ನಮ್ಮ 'ಹನಿ', 'ಇಬ್ಬನಿ' ಎಲ್ಲ ಒಂದೇ ಬೇರಿನವು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಹುಲ್ಲಿನ ಮೇಲಿನ ತೇವ ಬಿಳಿ ಹರಳಾಗುತ್ತದೆ. ಹಾಗಾಗಿ ಹಿಮ ನೋಡಲು ದೊಡ್ಡಬೆಟ್ಟದ ತುದಿಗೆ ಓಡುವುದಕ್ಕಿಂತ ತಲೈಕುಂದಾ, ಕಾಂದಲ್‌ನಂಥ ತಗ್ಗು ಬಯಲುಗಳಿಗೆ ಹೋಗಬೇಕು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಲ. ಹಿಂದಿನ ಸಂಜೆ ಮೋಡ ಕವಿದಿದ್ದರೆ ಬೆಳಿಗ್ಗೆ ಏನೂ ಇರುವುದಿಲ್ಲ. ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೆ ಎಲ್ಲ ಕರಗಿಹೋಗುತ್ತದೆ. ಕೊಯಮತ್ತೂರಿನಿಂದ ಬೆಳಗಿನ ಜಾವ ಕಾರು ಓಡಿಸಿ ತಲುಪುವ ಸಾಹಸ ಬೇಡ, ಕತ್ತಲಲ್ಲಿ ಕಲ್ಲಾರ್ ಬಳಿ ಆನೆ ದಾಟುತ್ತವೆ. ಹಿಂದಿನ ರಾತ್ರಿಯೇ ಊಟಿ ಅಥವಾ ಕೂನೂರಿನಲ್ಲಿ ತಂಗಿ. ನಾವು ಫೋಟೋ ತೆಗೆಯುವ ಇದೇ ಹಿಮ ಚಹಾದ ಎಳೆ ಚಿಗುರನ್ನು ಸುಟ್ಟಹಾಗೆ ಕಪ್ಪಾಗಿಸುತ್ತದೆ. ಬಿಳಿ ಹಾಸಿದೆ ಎಂದು ಯಾರ ತೋಟಕ್ಕೂ ನುಗ್ಗಬೇಡಿ.

ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಬೇಕು. ವಾಲ್ಪಾರೈಗೂ 2025ರ ನವೆಂಬರ್‌ನಿಂದ ಬೇಕಾಗಿದೆ. ಬೆಂಕಿಯ ಕಾಲದಲ್ಲಿ ನಡಿಗೆಯ ದಾರಿಗಳನ್ನು ಮುಚ್ಚುತ್ತಾರೆ. 2025ರಲ್ಲಿ ಫೆಬ್ರವರಿ 15ರಿಂದ ಏಪ್ರಿಲ್ 15ರವರೆಗೆ ಮುಚ್ಚಿದ್ದರು. ಆದ್ದರಿಂದ ದಿನ ಗೊತ್ತುಮಾಡುವ ಮೊದಲು ಅರಣ್ಯ ಇಲಾಖೆಯ ಪ್ರಕಟಣೆ ನೋಡಿ. ಸ್ಟೀಲ್ ಬಾಟಲಿಯಲ್ಲಿ ನೀರು, ಮಾಸಲು ಬಣ್ಣದ ಬಟ್ಟೆ, ಹಿಡಿತವಿರುವ ಬೂಟು ಇರಲಿ. ಪ್ಲಾಸ್ಟಿಕ್ ಚೆಕ್‌ಪೋಸ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಚಿತ್ರಾನ್ನ, ಮೊಸರನ್ನವನ್ನು ಡಬ್ಬಿಯಲ್ಲೇ ಕಟ್ಟಿಕೊಂಡು, ಕಾಡಿನ ಒಳಗಲ್ಲ, ಇಳಿದು ಬಂದ ಮೇಲೆ ತಿನ್ನುವುದು ನಮ್ಮ ರೂಢಿ.