ಹೆಬ್ಬೆಟ್ಟು ನಮ್ಮದು, ಕಣ್ಣು ಯಾರದು?

ನಮ್ಮಜ್ಜಿ ಮಾಲೂರು ಕಡೆಯ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದೇ ಸವೆದವಳು. ಅವಳ ರುಜು ಅಂದ್ರೆ ಹೆಬ್ಬೆಟ್ಟು. ಸಾಹುಕಾರ ಕಾಗದ ಚಾಚಿ "ಒತ್ತು ಬಾರೇ" ಅಂದ. ಒತ್ತಿದಳು. ಅದರಲ್ಲಿ ಏನು ಬರೆದಿತ್ತು ಅಂತ ಗೊತ್ತಾಗಿದ್ದು ಹೊಲ ಹೋದಮೇಲೆ. ಬೆರಳು ಅವಳದ್ದೇ, ಸುಳ್ಳಲ್ಲ. ಆದರೆ ಆ ಗುರುತಿಗೆ ಅರ್ಥ ಕೊಟ್ಟವನು ಬೇರೆಯವನು. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದ ನನಗೆ ಆ ಮಸಿ ಇನ್ನೂ ಕಣ್ಣಿಗೆ ಕಟ್ಟುತ್ತದೆ.

ಈ ಮಸಿಯನ್ನು ಬೇಡ ಎಂದವರೂ ನಮ್ಮ ಜಿಲ್ಲೆಯಲ್ಲೇ ಇದ್ದರು. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಕೂಲಿಗಳೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಎಂಬ ಪದ್ಧತಿ ಬಂತು. ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಲ್ಲಿ ಬಹಳಷ್ಟು ಜನ ತಮಿಳು ಸೀಮೆಯಿಂದ ಬಂದ ದಲಿತರು. ಆ ಕಾಲಕ್ಕೆ ಬೆರಳಚ್ಚು ಅಂದ್ರೆ ಠಾಣೆಯ ಮಾತು. 1911ರ ಅಪರಾಧಿ ಬುಡಕಟ್ಟು ಕಾಯಿದೆಯು ಇಡೀ ಜಾತಿಗಳ ಬೆರಳಚ್ಚು ತೆಗೆಯಲು ಬ್ರಿಟಿಷ್ ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಚಿನ್ನ ಅಗೆಯುವವರು ಕಳ್ಳರ ಪಟ್ಟಿಯಲ್ಲಿ ನಿಲ್ಲಬೇಕೇಕೆ?

ಈ ವಿದ್ಯೆ ಬೆಳೆದದ್ದೂ ನಮ್ಮ ನೆಲದಲ್ಲೇ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಗುರುತುಗಳನ್ನು ವಿಂಗಡಿಸುವ ಲೆಕ್ಕಾಚಾರಕ್ಕೆ ಬೆವರು ಸುರಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದದ್ದು ಸಾಹೇಬ ಹೆನ್ರಿಗೆ. 1899ರಲ್ಲಿ ಸಾಕ್ಷ್ಯ ಕಾಯಿದೆಗೆ ತಿದ್ದುಪಡಿಯಾಗಿ ಬೆರಳಚ್ಚು ತಜ್ಞನ ಮಾತು ಕೋರ್ಟಿನೊಳಗೆ ಬಂತು. ಗೆಳೆಯರೇ, ಗಮನಿಸಿ: ಕಾನೂನು ಅದನ್ನು ಕರೆದದ್ದು 'ಅಭಿಪ್ರಾಯ' ಎಂದು. ಸತ್ಯ ಎಂದಲ್ಲ. ಅದಕ್ಕೂ ಮೊದಲೇ ಜಲಪಾಯಿಗುರಿಯ ಕೊಲೆ ಮೊಕದ್ದಮೆಯಲ್ಲಿ ಪಂಚಾಂಗದ ಮೇಲಿನ ಬೆರಳ ಗುರುತು ಆರೋಪಿಯದೇ ಎಂದು ಹೇಳಲಾಯಿತು. 1898ರಲ್ಲಿ ಕೋರ್ಟು ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಆ ಅಳುಕು ಆಮೇಲೆ ಎಲ್ಲಿ ಹೋಯಿತು?

ತಜ್ಞ ಬಾಯಿಬಿಟ್ಟರೆ ಮುಗಿಯಿತು ಎಂಬ ನಂಬಿಕೆಗೆ 2004ರಲ್ಲಿ ಏಟು ಬಿತ್ತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಿಗೆ ಬಾಂಬಿಟ್ಟರು. ಅಲ್ಲಿ ಸಿಕ್ಕ ಚೀಲದ ಮೇಲಿನ ಗುರುತು ಬ್ರಾಂಡನ್ ಮೇಫೀಲ್ಡ್ ಎಂಬ ಮುಸ್ಲಿಂ ವಕೀಲನದು ಎಂದು ಅಮೆರಿಕದ ಎಫ್‌ಬಿಐ ತಜ್ಞರು ಹೇಳಿದರು. ಕೋರ್ಟು ನೇಮಿಸಿದ ತಜ್ಞನೂ ಹೂಂ ಅಂದ. ಕಡೆಗೆ ಸ್ಪೇನಿನ ಪೊಲೀಸರು ಆ ಬೆರಳು ಅಲ್ಜೀರಿಯಾದವನೊಬ್ಬನದು ಎಂದು ತೋರಿಸಿದರು. ಅಷ್ಟರಲ್ಲಿ ವಕೀಲ ಎರಡು ವಾರ ಬಂಧನದಲ್ಲಿದ್ದ. 2006ರಲ್ಲಿ ಇಟಿಯೆಲ್ ಡ್ರೋರ್ ಮತ್ತು ಸಂಗಡಿಗರು ಐವರು ತಜ್ಞರಿಗೆ, ಅವರೇ ಹಿಂದೆ ಹೊಂದುತ್ತದೆ ಎಂದಿದ್ದ ಗುರುತುಗಳನ್ನು ಮತ್ತೆ ಕೊಟ್ಟು, ಇದು ಮೇಫೀಲ್ಡನ ತಪ್ಪು ಜೋಡಿ ಎಂದು ಹೇಳಿದರು. ನಾಲ್ವರು ಮಾತು ಬದಲಿಸಿದರು. ಬೆರಳು ಅದೇ, ಕಿವಿಗೆ ಬಿದ್ದ ಮಾತು ಬೇರೆ!

ಬೆರಳಚ್ಚೆಲ್ಲ ಸುಳ್ಳು ಅನ್ನುತ್ತಿಲ್ಲ. 2011ರಲ್ಲಿ ಅಮೆರಿಕದ 169 ತಜ್ಞರನ್ನು ಪರೀಕ್ಷಿಸಿದಾಗ ಒಬ್ಬರ ಬೆರಳನ್ನು ಇನ್ನೊಬ್ಬರದು ಎಂದ ತಪ್ಪು ಸುಮಾರು ಸಾವಿರಕ್ಕೆ ಒಂದು. ಕಡಿಮೆಯೇ. ಆದರೆ ಆ ಒಂದು ತಪ್ಪಿನಲ್ಲಿ ಜೈಲಿಗೆ ಹೋಗುವವನಿಗೆ ಅದೇ ಪೂರ್ತಿ ಬದುಕು. ಊರು ಮೊದಲೇ ಕಳ್ಳ ಅಂದವನ ಬೆರಳನ್ನು ನೋಡುವ ಕಣ್ಣು ಎಷ್ಟು ನಿರ್ಮಲ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೋರ್ಟುಗಳಲ್ಲಿ ನಮ್ಮವರು ಕಟಕಟೆಯಲ್ಲಿ ನಿಂತಾಗ ವಕೀಲರ ಬಾಯಲ್ಲಿ ಈ ಪ್ರಶ್ನೆಗಳು ಬರಲಿ: ಗುರುತು ನೋಡುವ ಮುಂಚೆ ತಜ್ಞನಿಗೆ ಪೊಲೀಸರು ಏನು ಹೇಳಿದ್ದರು? ಮೊದಲನೆಯವನ ತೀರ್ಮಾನ ತಿಳಿಯದ ಇನ್ನೊಬ್ಬ ಅದನ್ನು ನೋಡಿದನೇ? ಗುರುತು ಎಷ್ಟು ಮಸುಕಾಗಿತ್ತು? ಮೇಷ್ಟ್ರುಗಳೇ, ಇದನ್ನು ಮಕ್ಕಳಿಗೂ ಹೇಳಿಕೊಡಿ.

ಅಜ್ಜಿಗೆ ಕಾಗದ ಓದಲು ಬರುತ್ತಿರಲಿಲ್ಲ. ನಮಗೆ ಬರುತ್ತೆ. ಓದಿದವನನ್ನೂ ಪ್ರಶ್ನಿಸುವುದು ನಮಗಿನ್ನು ಬರಬೇಕು.